ಆಲೂಗಡ್ಡೆ ಔಫ್‌ಲೌಫ್: ಜರ್ಮನ್ ಚಳಿಗಾಲದ ರಾತ್ರಿಯೂಟ

ಇಲ್ಲಿ ಜರ್ಮನಿಯ ಹನ್ನೋವರ್‌ನಲ್ಲಿ ಡಿಸೆಂಬರ್ ತಿಂಗಳಲ್ಲಿ ಸಂಜೆ ನಾಲ್ಕು ಗಂಟೆ ದಾಟುತ್ತಿದ್ದಂತೆ ಕತ್ತಲಾಗುತ್ತದೆ. ಕೆಲಸ ಮುಗಿಸಿ ಮನೆಗೆ ಬರುವಾಗ ಬಿಸಿಯಾದದ್ದು ಏನಾದರೂ ಬೇಕು ಅನಿಸುತ್ತದೆ, ಆದರೆ ಒಲೆ ಮುಂದೆ ನಿಂತು ಸಾರು, ಪಲ್ಯ, ಅನ್ನ ಅಂತ ಮಾಡುವಷ್ಟು ಶಕ್ತಿ ಇರುವುದಿಲ್ಲ. ಅಂಥ ದಿನಗಳಿಗೆ ಇಲ್ಲಿನ ಮನೆಗಳಲ್ಲಿ ಮಾಡುವ ಅಡುಗೆ ಕಾರ್ಟೊಫೆಲ್ ಔಫ್‌ಲೌಫ್. ಆಲೂಗಡ್ಡೆ ಬಿಲ್ಲೆಗಳನ್ನು ಪಿಂಗಾಣಿ ಅಥವಾ ಗಾಜಿನ ತಟ್ಟೆಯಲ್ಲಿ ಜೋಡಿಸಿ, ಹಾಲು ಮತ್ತು ಕೆನೆ ಸುರಿದು, ಮೇಲೆ ಚೀಸ್ ಹಾಕಿ ಓವನ್ನಿಗೆ ಇಡುವುದು. ಮುಕ್ಕಾಲು ಗಂಟೆ ಓವನ್ನೇ ಕೆಲಸ ಮಾಡುತ್ತದೆ. ನಾವು ಕೈಕಾಲು ತೊಳೆದು, ಮಕ್ಕಳ ಹೋಂವರ್ಕ್ ನೋಡಬಹುದು. ಅಡುಗೆಮನೆಯೂ ಬೆಚ್ಚಗಾಗುತ್ತದೆ.

ಊರಿನಲ್ಲಿರುವ ಸ್ನೇಹಿತರು ಕೇಳುತ್ತಾ ಇರುತ್ತಾರೆ, ಅದನ್ನು ನಮ್ಮ ಊರಿನಲ್ಲೂ ಮಾಡಬಹುದಾ ಅಂತ. ಖಂಡಿತ ಮಾಡಬಹುದು. ಆದರೆ ಮೊದಲು ಆಲೂಗಡ್ಡೆಯ ಬಗ್ಗೆ ಹೇಳಬೇಕು, ಯಾಕೆಂದರೆ ಈ ಅಡುಗೆಯ ಅರ್ಧ ಕೆಲಸ ಅಂಗಡಿಯಲ್ಲೇ ಆಗಿಬಿಡುತ್ತದೆ.

ಇಲ್ಲಿ ಆಲೂಗಡ್ಡೆ ಚೀಲದ ಮೇಲೆ ಅದು ಬೆಂದಾಗ ಹೇಗಿರುತ್ತದೆ ಅಂತ ಬರೆದಿರುತ್ತಾರೆ. ಫೆಸ್ಟ್‌ಕೊಖೆಂಡ್ ಅನ್ನುವುದು ಬೆಂದರೂ ಒಡೆಯದೆ ಗಟ್ಟಿಯಾಗಿ ನಿಲ್ಲುತ್ತದೆ. ಮೇಲಿಗ್‌ಕೊಖೆಂಡ್ ಹಿಟ್ಟುಹಿಟ್ಟಾಗಿ ಉದುರುತ್ತದೆ, ಹಿಚುಕುವುದಕ್ಕೂ ಸೂಪಿಗೂ ಅದು ಒಳ್ಳೆಯದು. ಇವೆರಡರ ನಡುವಿನ ಗುಣದ್ದು ಮೂರನೆಯದು. ಬಹಳಷ್ಟು ಚೀಲಗಳಲ್ಲಿ ಗಟ್ಟಿಯದಕ್ಕೆ ಹಸಿರು, ನಡುವಿನದಕ್ಕೆ ಕೆಂಪು, ಹಿಟ್ಟಿನದಕ್ಕೆ ನೀಲಿ ಬಣ್ಣ ಇರುತ್ತದೆ. ನಮ್ಮಲ್ಲಿ ದೋಸೆಗೆ ಒಂದು ಅಕ್ಕಿ, ಅನ್ನಕ್ಕೆ ಇನ್ನೊಂದು ಅಕ್ಕಿ ಆರಿಸುವುದಿಲ್ಲವೇ, ಹಾಗೆಯೇ ಇದು. ಔಫ್‌ಲೌಫ್‌ಗೆ ಹಸಿರು ಅಥವಾ ಕೆಂಪು ಗುರುತಿನದನ್ನು ತರುತ್ತಾರೆ. ನನಗೆ ಕೆಂಪಿನದೇ ಇಷ್ಟ. ಬಿಲ್ಲೆ ಒಡೆಯುವುದಿಲ್ಲ, ಆದರೂ ಅಂಚು ಸ್ವಲ್ಪ ಕರಗಿ ಕೆನೆಯ ಜೊತೆ ಸೇರಿಕೊಳ್ಳುತ್ತದೆ.

ಹನ್ನೋವರ್ ಇರುವ ನೀಡರ್‌ಸಾಕ್ಸೆನ್ ರಾಜ್ಯ ಜರ್ಮನಿಯಲ್ಲಿ ಅತಿ ಹೆಚ್ಚು ಆಲೂಗಡ್ಡೆ ಬೆಳೆಯುವ ಜಾಗ. ಲ್ಯೂನೆಬುರ್ಗ್ ಸುತ್ತಲಿನ ಮರಳು ನೆಲದ ಗಡ್ಡೆಗೆ ಇಲ್ಲಿನ ಸಂತೆಯಲ್ಲಿ ಒಳ್ಳೆಯ ಹೆಸರು. ಈ ಜನ ತಮ್ಮ ಆಲೂಗಡ್ಡೆಯನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಅನ್ನುವುದಕ್ಕೆ ಲಿಂಡಾ ತಳಿಯ ಕಥೆ ಸಾಕು. 1974ರಲ್ಲಿ ಮಾನ್ಯತೆ ಪಡೆದ ಹಳದಿ ತಿರುಳಿನ ಗಟ್ಟಿ ಆಲೂಗಡ್ಡೆ ಅದು, ರುಚಿಗೆ ಹೆಸರಾದದ್ದು. ಅದರ ಹಕ್ಕು ಹೊಂದಿದ್ದ ಬೀಜದ ಕಂಪನಿ 2004ರಲ್ಲಿ ತಳಿಯ ಮಾನ್ಯತೆಯನ್ನು ತಾನಾಗಿಯೇ ವಾಪಸ್ ತೆಗೆದುಕೊಂಡಿತು. ಮಾನ್ಯತೆ ಇಲ್ಲದ ತಳಿಯ ಬಿತ್ತನೆ ಗಡ್ಡೆಯನ್ನು ಮಾರುವಂತಿಲ್ಲ. ರೈತರೂ ತಿನ್ನುವವರೂ ಸೇರಿ ಲಿಂಡಾವನ್ನು ಉಳಿಸಿ ಅಂತ ಹೋರಾಟ ಮಾಡಿದರು. ಕೊನೆಗೆ 2010ರಲ್ಲಿ ಜರ್ಮನಿಯಲ್ಲಿ ಅದಕ್ಕೆ ಮತ್ತೆ ಮಾನ್ಯತೆ ಸಿಕ್ಕಿತು. ಇವತ್ತು ಸಂತೆಯಲ್ಲಿ ಲಿಂಡಾ ಅಂತ ಬರೆದ ಬುಟ್ಟಿ ಕಂಡರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ. ಒಂದು ತಳಿಗಾಗಿ ಊಟ ಮಾಡುವವರೂ ದನಿ ಎತ್ತುವುದು ದೊಡ್ಡ ವಿಷಯ ಅಲ್ವಾ?

ಇನ್ನು ಅಡುಗೆ. ನಾಲ್ಕು ಜನಕ್ಕೆ ಒಂದು ಕಿಲೋ ಆಲೂಗಡ್ಡೆ. ಸಿಪ್ಪೆ ತೆಗೆದು ತೊಳೆದು, ಆಮೇಲೆ ತೆಳ್ಳಗೆ, ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿಕೊಳ್ಳಬೇಕು. ಹೆಚ್ಚಿದ ಮೇಲೆ ಮಾತ್ರ ನೀರು ಮುಟ್ಟಿಸಬೇಡಿ. ಚಿಪ್ಸ್ ಮಾಡುವಾಗ ನಾವು ಬಿಲ್ಲೆಗಳನ್ನು ನೀರಿನಲ್ಲಿ ನೆನೆಸಿ ಪಿಷ್ಟ ಕಳೆಯುತ್ತೇವೆ, ಇಲ್ಲಿ ಆ ಪಿಷ್ಟವೇ ಬೇಕು. ಹಾಲು ಕೆನೆಯನ್ನು ಗಟ್ಟಿ ಮಾಡುವುದು ಅದೇ. ಮೈದಾ ಏನೂ ಹಾಕುವ ಅಗತ್ಯವಿಲ್ಲ.

ದಪ್ಪ ತಳದ ಪಾತ್ರೆಯಲ್ಲಿ 200 ಮಿಲಿ ಕೆನೆ, 250 ಮಿಲಿ ಹಾಲು, ಒಂದೂವರೆ ಚಮಚ ಉಪ್ಪು, ಕರಿಮೆಣಸಿನ ಪುಡಿ ಹಾಕಿ. ಚಮಚ ಅಂದರೆ ಟೀ ಚಮಚ. ಮೇಲೆ ಜಾಯಿಕಾಯಿಯನ್ನು ನಾಲ್ಕೈದು ಸಲ ತುರಿಯಿರಿ. ಜಾಯಿಕಾಯಿ ಬಿಟ್ಟರೆ ಈ ಅಡುಗೆಗೆ ಆ ಪರಿಮಳ ಬರುವುದೇ ಇಲ್ಲ. ಇಲ್ಲಿನವರು ಹಾಲು ಕೆನೆಯ ಬಹಳಷ್ಟು ಅಡುಗೆಗೂ ಹಿಸುಕಿದ ಆಲೂಗಡ್ಡೆಗೂ ಅದನ್ನು ಹಾಕುತ್ತಾರೆ. ನಮ್ಮ ಶಿರಸಿ, ಸಿದ್ದಾಪುರ ಕಡೆಯ ತೋಟಗಳಲ್ಲಿ ಬೆಳೆಯುವ ಜಾಯಿಕಾಯಿ ಸಿಕ್ಕರೆ ಪುಡಿ ಕೊಳ್ಳಬೇಡಿ, ಇಡೀ ಕಾಯಿಯನ್ನೇ ತುರಿಯಿರಿ.

ಈ ಮಿಶ್ರಣಕ್ಕೆ ಬಿಲ್ಲೆಗಳನ್ನು ಹಾಕಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ, ತಳ ಹಿಡಿಯದಂತೆ ಸೌಟಿನಿಂದ ಮೆಲ್ಲಗೆ ತಿರುವುತ್ತಿರಿ. ಹೀಗೆ ಮಾಡಿದರೆ ನಡುವಿನ ಬಿಲ್ಲೆ ಹಸಿಯಾಗಿ ಉಳಿಯುವ ಭಯ ಇಲ್ಲ. ತಟ್ಟೆಗೆ ಬೆಳ್ಳುಳ್ಳಿ ಎಸಳನ್ನು ಉಜ್ಜಿ, ಬೆಣ್ಣೆ ಸವರಿ, ಎಲ್ಲವನ್ನೂ ಸುರಿದು ಹರಡಿ. ನಾನು ನಡುವೆ ಬೆಣ್ಣೆಯಲ್ಲಿ ಬಾಡಿಸಿದ ಲೀಕ್ (ಈರುಳ್ಳಿ ಜಾತಿಯ ದಪ್ಪ ದಂಟಿನ ತರಕಾರಿ) ಒಂದು ಪದರ ಹಾಕುತ್ತೇನೆ. ಊರಿನಲ್ಲಿ ಅದರ ಬದಲು ಈರುಳ್ಳಿ ಹೂವಿನ ಹಸಿರು ದಂಟು ಚೆನ್ನಾಗಿರುತ್ತದೆ. ಮೇಲೆ 150 ಗ್ರಾಂ ಚೀಸ್ ತುರಿ. 200 ಡಿಗ್ರಿಯಲ್ಲಿ, ಮೇಲೆ ಕೆಳಗೆ ಎರಡೂ ಕಡೆ ಶಾಖ ಕೊಟ್ಟು, 35ರಿಂದ 40 ನಿಮಿಷ. ಫ್ಯಾನ್ ಇರುವ ಓವನ್ ಆದರೆ 180 ಸಾಕು. ಮೇಲ್ಭಾಗ ಕಂದಾಗಿ, ಅಂಚಿನಲ್ಲಿ ಗುಳ್ಳೆ ಬರಬೇಕು. ತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಆಗಲೇ ಅದು ಬಿಗಿದುಕೊಳ್ಳುವುದು.

ಊರಿನಲ್ಲಿ ಮಾಡುವವರಿಗೆ ಒಟಿಜಿ, ಅಂದರೆ ಮೇಜಿನ ಮೇಲಿಡುವ ಸಣ್ಣ ಓವನ್, ಧಾರಾಳ ಸಾಕು. ಪೊಟ್ಟಣದ ಫ್ರೆಶ್ ಕ್ರೀಮ್ ನಡೆಯುತ್ತದೆ. ಇಲ್ಲಿನ ಕೆನೆಯಲ್ಲಿ 30 ಶೇಕಡಾ ಕೊಬ್ಬು ಇರುತ್ತದೆ, ಊರಿನ ಪೊಟ್ಟಣದ್ದರಲ್ಲಿ ಸ್ವಲ್ಪ ಕಡಿಮೆ, ಹಾಗಾಗಿ ಹಾಲನ್ನು ಒಂದಿಷ್ಟು ಕಮ್ಮಿ ಮಾಡಿ. ಬರೀ ಹಾಲಿನಲ್ಲಿ ಮಾಡಲು ಹೋಗಬೇಡಿ, ಜಾಸ್ತಿ ಶಾಖಕ್ಕೆ ಒಡೆಯುತ್ತದೆ. ಆಲೂಗಡ್ಡೆ ಹಾಸನದ್ದೇ ಇರಲಿ, ಹೊಸ ಬೆಳೆಯ ತೆಳು ಸಿಪ್ಪೆಯ ಗಡ್ಡೆ ಆರಿಸಿ, ಅದು ಬೆಂದರೂ ಆಕಾರ ಬಿಡುವುದಿಲ್ಲ. ಹಸಿರು ತಿರುಗಿದ ಗಡ್ಡೆಯನ್ನು ಬಳಸಲೇಬೇಡಿ.

ಚೀಸ್ ಬಗ್ಗೆ ಸಸ್ಯಾಹಾರಿಗಳು ಗಮನ ಕೊಡಬೇಕು. ಹಾಲು ಹೆಪ್ಪುಗಟ್ಟಿಸಲು ಹಾಕುವ ರೆನೆಟ್ ಕರುವಿನ ಹೊಟ್ಟೆಯಿಂದಲೂ ಬರುತ್ತದೆ, ಸೂಕ್ಷ್ಮಾಣುಗಳಿಂದ ತಯಾರಿಸಿದ್ದೂ ಇದೆ. ಊರಿನಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕಿ ನೋಡಿದರೆ ಮುಗಿಯಿತು. ಇಲ್ಲಿ ಮಿಕ್ರೋಬಿಯೆಲ್ಲೆಸ್ ಲಾಬ್ ಅಂತ ಬರೆದಿರುವುದನ್ನು ಹುಡುಕಬೇಕು, ಎಲ್ಲ ಪೊಟ್ಟಣದ ಮೇಲೂ ಅದು ಇರುವುದಿಲ್ಲ. ಹೋಟೆಲಿನಲ್ಲಿ ಔಫ್‌ಲೌಫ್ ತರಿಸಿದರೆ ಹಂದಿ ಮಾಂಸದ ತುಂಡುಗಳು ಇರಬಹುದು, ಮೊದಲೇ ಕೇಳಿ.

ಒಂದು ಕೋರಿಕೆ ಇದೆ. ಮೊದಲ ಸಲ ಮಾಡುವಾಗ ಖಾರದ ಪುಡಿ, ಗರಂ ಮಸಾಲೆ ಹಾಕಬೇಡಿ. ಕೆನೆಯಲ್ಲಿ ನಿಧಾನವಾಗಿ ಬೆಂದ ಆಲೂಗಡ್ಡೆಗೆ ತನ್ನದೇ ಸಿಹಿ ಇದೆ, ಮಸಾಲೆ ಬಂದರೆ ಅದು ಅಡಗಿಹೋಗುತ್ತದೆ. ಬೇಕಾದರೆ ಪಕ್ಕಕ್ಕೆ ಹುಳಿಯಾದದ್ದು ಏನಾದರೂ ಇಟ್ಟುಕೊಳ್ಳಿ. ಇಲ್ಲಿನವರು ವಿನೆಗರ್ ಹಾಕಿದ ಸೌತೆಕಾಯಿ ಸಲಾಡ್ ಇಡುತ್ತಾರೆ. ನಾನು ಅದೇ ಸೌತೆಕಾಯಿಗೆ ನಿಂಬೆರಸ ಹಿಂಡಿ, ಸಾಸಿವೆ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕುತ್ತೇನೆ. ಪಕ್ಕದ ಮನೆಯ ಅಜ್ಜಿಗೆ ಆ ಒಗ್ಗರಣೆ ಎಷ್ಟು ಹಿಡಿಸಿತು ಅಂದರೆ, ಈಗ ಅವರ ಅಡುಗೆಮನೆಯಲ್ಲೂ ಒಂದು ಡಬ್ಬಿ ಸಾಸಿವೆ ಇದೆ.

ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ತುಂಡು ಮಾಡಿ, ಕಾದ ತವದ ಮೇಲೆ ಒಂದಿಷ್ಟು ಬೆಣ್ಣೆ ಹಾಕಿ ಎರಡೂ ಬದಿ ಗರಿಗರಿ ಮಾಡಬಹುದು. ನಮ್ಮನೆಯಲ್ಲಿ ಮಕ್ಕಳು ಅದಕ್ಕಾಗಿಯೇ ದೊಡ್ಡ ತಟ್ಟೆಯಲ್ಲಿ ಮಾಡು ಅಂತ ಹೇಳುತ್ತಾರೆ.