ಮನಾಲಿ–ಲೇಹ್ ಸೈಕಲ್ ದಾರಿ: ಎಲ್ಲಿ ಮಲಗಬೇಕು, ಎಲ್ಲಿ ನೀರು ತುಂಬಿಸಿಕೊಳ್ಳಬೇಕು

ಮನಾಲಿಯಿಂದ ಲೇಹ್‌ಗೆ ಟೆಂಟ್ ಹೊತ್ತು ಒಬ್ಬರೇ ಸೈಕಲ್ ತುಳಿಯಲು ಹೊರಡುವವರು ದಿನದ ಕಿಲೋಮೀಟರ್ ಲೆಕ್ಕ ಬಿಟ್ಟು, ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ಆದರೂ ಬಹಳ ತಗ್ಗಿನಲ್ಲಿರುವ ಜಿಸ್ಪಾ ಹಳ್ಳಿಯಲ್ಲಿ ಉಳಿದವರನ್ನು ಮರುದಿನವೇ ಸುಮಾರು 4,300 ಮೀಟರ್ ಎತ್ತರದ ಸರ್ಚುವಿಗೆ ಕಳಿಸುವುದು ಅಲ್ಲಿ ರೂಢಿಯಾಗಿಬಿಟ್ಟಿದೆ. ನಡುವೆ ದೀಪಕ್ ತಾಲ್ ಕೆರೆಯ ಬಳಿ ಒಂದು ರಾತ್ರಿ, ಜಿಂಗ್‌ಜಿಂಗ್‌ಬಾರ್‌ನಲ್ಲಿ ಇನ್ನೊಂದು ರಾತ್ರಿ ತಂಗಿದರೆ ಬಾರಾಲಾಚಾ ಲಾ (‘ಲಾ’ ಎಂದರೆ ಬೆಟ್ಟ ದಾಟುವ ಘಟ್ಟ) ಏರುವಾಗ ತಲೆನೋವು ಕಾಡುವ ಸಾಧ್ಯತೆ ಕಡಿಮೆ, ನನಗಂತೂ ಕಾಡಲಿಲ್ಲ. ಬಿಸಿಲೇರಿ ಹಿಮ ಕರಗಿದಂತೆ ರಸ್ತೆಗೆ ಅಡ್ಡ ಹರಿಯುವ ತೊರೆಗಳು ಉಬ್ಬುವುದರಿಂದ ಅವುಗಳನ್ನು ಬೆಳಗ್ಗೆಯೇ ದಾಟಿಬಿಡಬೇಕು.

ಸರ್ಚುವಿನಲ್ಲಿ ನನಗೆ ಮೋಸವಾಯಿತು. ಮುಂದೆ ಟೆಂಟ್ ಹಾಕಲು ಜಾಗವೇ ಇಲ್ಲ, ನೀರೂ ಸಿಗದು ಎಂದು ಶಿಬಿರದವನೊಬ್ಬ ನಂಬಿಸಿ, ಒಂದು ಮಂಚಕ್ಕೆ 2,500 ರೂಪಾಯಿ ಮುಂಗಡ ಪಡೆದ. ಕತ್ತಲಾದ ಮೇಲೆ ಅದೇ ಟೆಂಟಿಗೆ ಇಬ್ಬರು ಅಪರಿಚಿತರನ್ನು ತಂದು ಸೇರಿಸಿದ, ಬೆಳಗ್ಗೆ ಒಂದು ಬಕೆಟ್ ಬಿಸಿನೀರಿಗೂ ಬೇರೆ ಹಣ ಕೇಳಿದ. ಮರುದಿನ ಸೈಕಲ್ ತುಳಿಯುತ್ತಾ ನೋಡಿದರೆ, ಸಾರಪ್ ನದಿಯ ಪಕ್ಕದಲ್ಲಿ ಮೈಲಿಗಟ್ಟಲೆ ಸಮತಟ್ಟಾದ ಬಯಲು! ಅಲ್ಲೇ ಟೆಂಟ್ ಹಾಕಿ. ಗಾಟಾ ಲೂಪ್ಸ್‌ನ 21 ತಿರುವುಗಳನ್ನು ಹತ್ತುವ ಮೊದಲು ಇದ್ದ ಬಾಟಲಿಗಳನ್ನೆಲ್ಲ ಆ ನದಿಯಲ್ಲೇ ತುಂಬಿಸಿಕೊಳ್ಳಿ, ಏಕೆಂದರೆ ಏರಿನುದ್ದಕ್ಕೂ ನೀರನ್ನು ನೆಚ್ಚುವಂತಿಲ್ಲ. ಹೂಳು ತಳ ಸೇರುವವರೆಗೆ ಕಾದು ಸೋಸಿದರೆ ಫಿಲ್ಟರ್ ಕಟ್ಟಿಕೊಳ್ಳುವುದಿಲ್ಲ.

ಪಾಂಗ್‌ನಲ್ಲಿ ತಾಯಿ–ಮಗಳು ನಡೆಸುವ ಒಂದು ಢಾಬಾ ಟೆಂಟ್ ಇದೆ. 4,600 ಮೀಟರ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ನನ್ನ ಪುಟ್ಟ ಒಲೆಯ ಮೇಲೆ ಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿರಲಿಲ್ಲ. ಅವರ ಕುಕ್ಕರಿನಿಂದ ಇಳಿದ ರಾಜ್ಮಾ ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಕರಗುತ್ತಿತ್ತು. ಅನ್ನ ಮುಗಿಯುವ ಮೊದಲೇ ಆ ತಾಯಿ ಕೇಳದೆ ಮತ್ತೆ ಬಡಿಸಿದರು, ಥುಕ್ಪಾದ (ನೂಡಲ್ಸ್ ಹಾಕಿದ ಸಾರು) ಬಟ್ಟಲಿಗೆ ಇನ್ನಷ್ಟು ಸೊಪ್ಪು ಹಾಕಿಕೊಟ್ಟರು, ಒಲೆಯ ಬದಿಯ ಹಾಸಿಗೆಯನ್ನು ನನಗೇ ಬಿಟ್ಟರು. ಊಟ, ಚಹಾ, ಎರಡು ದಪ್ಪ ರಜಾಯಿ ಎಲ್ಲ ಸೇರಿ ಸರ್ಚುವಿನ ಬಾಡಿಗೆಯ ಕಾಲು ಭಾಗವೂ ಆಗಲಿಲ್ಲ. ಲಾರಿ ಚಾಲಕರ ಗೊರಕೆ ಸಹಿಸಲಾರದವರು ಮಾತ್ರ ಹೊರಗೆ ಟೆಂಟ್ ಹಾಕಿಕೊಳ್ಳಬಹುದು.

ಮೋರೆ ಬಯಲಿನ ಸುಮಾರು 40 ಕಿಲೋಮೀಟರ್ ಸಪಾಟಾಗಿದ್ದರೂ ಮಧ್ಯಾಹ್ನದ ಗಾಳಿ ಸೈಕಲನ್ನು ನಿಲ್ಲಿಸಿಯೇ ಬಿಡುತ್ತದೆ, ನಸುಕಿನಲ್ಲೇ ಹೊರಡಿ. 5,300 ಮೀಟರ್ ಮೀರಿದ ತಂಗ್ಲಾಂಗ್ ಲಾ ಮೇಲೆ ರಾತ್ರಿ ಕಳೆಯುವ ಯೋಚನೆ ಬೇಡ. ನಡಿಗೆಯ ಆಸೆಯಿದ್ದರೆ ಇಳಿದು ರುಮ್ಟ್ಸೆ ಹಳ್ಳಿ ಸೇರಿ, ಯಾರದಾದರೂ ಮನೆಯಲ್ಲಿ ಸೈಕಲ್ ಇರಿಸಿ, ಕ್ಯಾಮರ್ ಕಣಿವೆಯತ್ತ ಹೋಗಿ ಬನ್ನಿ. ಎಂದು ಮರಳುತ್ತೀರೆಂದು ಮನೆಯವರಿಗೆ ಹೇಳಿಯೇ ಹೊರಡಿ.