ಆ್ಯಪ್ ಮಾಡುವ ಕೆಲಸ ಅಲ್ಲ
ವಿಜ್ಞಾನ ಕಲಿಕೆಯಲ್ಲಿ ತಂತ್ರಜ್ಞಾನದ ಬಗ್ಗೆ ಸಂಶೋಧನೆ ಮಾಡುತ್ತೇನೆ ಅಂದರೆ ಸಾಕು, "ಓಹೋ, ಆ್ಯಪ್ ಮಾಡ್ತೀರಾ?" ಅಂತ ಕೇಳುತ್ತಾರೆ. ಅಯ್ಯೋ, ಇಲ್ಲ. ಜಾಸ್ತಿ ಹೊತ್ತು ಹೋಗುವುದು ಮಕ್ಕಳ ಮಾತನ್ನು ರೆಕಾರ್ಡ್ ಮಾಡಿ, ಮತ್ತೆ ಮತ್ತೆ ಕೇಳಿ ಬರೆದುಕೊಳ್ಳುವುದರಲ್ಲಿ. ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿ ಕೇಳಿ ನೋಡಿ. "ಮೊದಲ ಬಲ್ಬ್ ಕರೆಂಟ್ ಖರ್ಚು ಮಾಡುತ್ತೆ, ಎರಡನೆಯದಕ್ಕೆ ಕಡಿಮೆ ಸಿಗುತ್ತೆ" ಅನ್ನುವವರು ಬಹಳ. ತಪ್ಪು ನಿಜ, ಆದರೆ ಎಷ್ಟು ಸಹಜವಾದ ತಪ್ಪು ಅಲ್ವಾ? ತಂತಿಯೊಳಗೆ ಏನಾಗುತ್ತಿದೆ ಅಂತ ಯಾರ ಕಣ್ಣಿಗೂ ಕಾಣುವುದಿಲ್ಲ.

ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್ ತೆರೆಯ ಮೇಲೆ ಮಾಡಿ ನೋಡುವ ಪ್ರಯೋಗ, ಕೆಲಸಕ್ಕೆ ಬರುವುದು ಇಲ್ಲೇ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್, ಮರುವರ್ಷವೇ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 'ಫೆಟ್' ಎಂಬ ಇಂಥ ಸಿಮ್ಯುಲೇಶನ್‌ಗಳ ಯೋಜನೆ ಶುರು ಮಾಡಿದರು. ಅದರಲ್ಲಿ ಎಲೆಕ್ಟ್ರಾನ್‌ಗಳು ಎರಡೂ ಬಲ್ಬ್ ದಾಟಿ ಒಂದೇ ವೇಗದಲ್ಲಿ ಸಾಗುವುದು ಕಾಣುತ್ತದೆ.

ಆದರೆ ಸುಮ್ನೆ ಲ್ಯಾಪ್‌ಟಾಪ್ ಕೈಗೆ ಕೊಟ್ಟರೆ ಶಾರ್ಟ್ ಸರ್ಕ್ಯೂಟ್ ಮಾಡಿ ತೆರೆಯ ಮೇಲಿನ ಬ್ಯಾಟರಿಗೆ ಬೆಂಕಿ ಹಚ್ಚುವುದೇ ಆಟ. (ನನಗೂ ಅದು ಇಷ್ಟ.) "ಏನಾಗಬಹುದು?" ಅಂತ ಮೊದಲು ಊಹಿಸಿ ಬರೆಯಲು ಹೇಳಿದರೆ ಮಾತ್ರ ವಾದ ಶುರುವಾಗುತ್ತದೆ. ನನ್ನ ಪ್ರಬಂಧಗಳೆಲ್ಲ ಆ ವಾದದ ಸುತ್ತಲೇ. ಅನುದಾನ ಕೊಡುವವರು ಮಾತ್ರ ಈಗಲೂ ಮೊದಲು ಕೇಳುವುದು, ಎಷ್ಟು ಟ್ಯಾಬ್ ಬೇಕು ಅಂತ.