ಆಲ್ಫಾ ಉಳಿದು ಬೀಟಾ ಮಾತ್ರ ಹೋದಾಗ

ಇಪ್ಪತ್ತು ವರ್ಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ನನ್ನನ್ನು ಆಪ್ತರು ಆಗಾಗ ಕೇಳುತ್ತಾರೆ: ಮೂತ್ರಪಿಂಡವನ್ನೇ ಕಸಿ ಮಾಡುವ ಕಾಲದಲ್ಲಿ, ಇನ್ಸುಲಿನ್ ತಯಾರಿಸುವ ಒಂದಿಷ್ಟು ಜೀವಕೋಶಗಳನ್ನು ಕಸಿ ಮಾಡಿ ಈ ಸೂಜಿಯ ಕಾಟ ತಪ್ಪಿಸಲು ಬರುವುದಿಲ್ಲವೇ? ಉತ್ತರಿಸಲು ಹೊರಟಾಗಲೆಲ್ಲ ನನಗೆ ನೆನಪಾಗುವುದು ಅವಳಿಗಳ ವಿಚಾರ.

1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು ತದ್ರೂಪಿ ಅವಳಿಗಳಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿದರು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧವಿಲ್ಲದೆಯೇ ಆ ಅಂಗ ಉಳಿಯಿತು, ಏಕೆಂದರೆ ದೇಹ ಅದನ್ನು ತನ್ನದೆಂದೇ ಬಗೆಯಿತು. ಮುಂದೆ ಮಿನ್ನೆಸೋಟದಲ್ಲಿ ಡೇವಿಡ್ ಸದರ್‌ಲ್ಯಾಂಡ್ ಅವರ ತಂಡ, ಟೈಪ್ 1 ಮಧುಮೇಹವಿದ್ದವರಿಗೆ, ಅಂದರೆ ಇನ್ಸುಲಿನ್ ತಯಾರಿಸುವ ಕೋಶಗಳನ್ನು ತಮ್ಮದೇ ರೋಗನಿರೋಧಕ ವ್ಯವಸ್ಥೆ ಕೊಂದುಹಾಕಿದವರಿಗೆ, ಆರೋಗ್ಯವಾಗಿದ್ದ ಅವರ ತದ್ರೂಪಿ ಒಡಹುಟ್ಟಿದವರ ಮೇದೋಜೀರಕ ಗ್ರಂಥಿಯ ಭಾಗವನ್ನು ಕಸಿ ಮಾಡಿತು. ಗ್ರಂಥಿಯನ್ನು ದೇಹ ತಿರಸ್ಕರಿಸಲಿಲ್ಲ. ಆದರೂ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಪಡೆಯದಿದ್ದವರಲ್ಲಿ ಕೆಲವೇ ವಾರಗಳಲ್ಲಿ ಮಧುಮೇಹ ಮರಳಿತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗ್ರಂಥಿಯ ದ್ವೀಪಗಳಲ್ಲಿ, ಅಂದರೆ ಹಾರ್ಮೋನು ಸ್ರವಿಸುವ ಕೋಶಗಳ ಪುಟ್ಟ ಗುಂಪುಗಳಲ್ಲಿ, ಸಕ್ಕರೆ ಏರಿಸುವ ಗ್ಲುಕಗಾನ್ ಸ್ರವಿಸುವ ಆಲ್ಫಾ ಕೋಶಗಳು ಇದ್ದಲ್ಲಿಯೇ ಇದ್ದವು. ಅವುಗಳ ಪಕ್ಕದಲ್ಲೇ ಇರಬೇಕಾದ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಮಾತ್ರ ನಾಶವಾಗಿದ್ದವು.

ಈ ಚಿತ್ರವನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೇನೋ ಲೆಕ್ಕವಿಲ್ಲ. ಒಂದಕ್ಕೊಂದು ಅಂಟಿಕೊಂಡಿರುವ ಕೋಶಗಳ ನಡುವೆ, ರೋಗನಿರೋಧಕ ವ್ಯವಸ್ಥೆಯ ಸೈನಿಕರಾದ ಟಿ ಕೋಶಗಳು ತಮಗೆ ಬೇಕಾದುದನ್ನಷ್ಟೇ ಹುಡುಕಿ ಕೊಂದಿವೆ. ಕಾಯಿಲೆ ಇಷ್ಟು ಆಯ್ದು ಹೊಡೆಯುವಾಗ, ನಮ್ಮ ಔಷಧಗಳು ಇಡೀ ರೋಗನಿರೋಧಕ ವ್ಯವಸ್ಥೆಯನ್ನೇ ಮಂಕಾಗಿಸುತ್ತವೆ. ದಾನಿಯ ದ್ವೀಪಕೋಶಗಳನ್ನು ಪಡೆದವರ ದೇಹದಲ್ಲಿ ಪರಕೀಯ ಅಂಗಾಂಶದ ಮೇಲಿನ ದಾಳಿ, ಬೀಟಾ ಕೋಶದ ಮೇಲಿನ ಹಳೆಯ ಹಗೆ, ಎರಡೂ ಒಟ್ಟಿಗೆ ಕೆರಳುತ್ತವೆ. ಅವನ್ನು ತಡೆಯಲು ಕೊಡುವ ಟ್ಯಾಕ್ರೊಲಿಮಸ್ ಎಂಬ ಔಷಧ ಸೋಂಕು ಮತ್ತು ಕೆಲವು ಬಗೆಯ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ, ಸಾಲದೆಂಬಂತೆ ಬೀಟಾ ಕೋಶಗಳಿಗೂ ವಿಷವಾಗುತ್ತದೆ. 2000ದಲ್ಲಿ ಕೆನಡಾದ ಎಡ್ಮಂಟನ್ ತಂಡ ಸ್ಟಿರಾಯ್ಡ್ ಬಿಟ್ಟು ರೂಪಿಸಿದ ಕ್ರಮದಿಂದ 7 ಮಂದಿಯೂ ಇನ್ಸುಲಿನ್‌ನಿಂದ ಮುಕ್ತರಾದರು. ಆದರೆ ಆಮೇಲೆ ಇದೇ ಕ್ರಮದಲ್ಲಿ ಚಿಕಿತ್ಸೆ ಪಡೆದವರನ್ನೆಲ್ಲ ಗಮನಿಸಿದಾಗ, ಐದು ವರ್ಷಗಳ ನಂತರವೂ ಹಾಗೆಯೇ ಉಳಿದವರು ಸುಮಾರು ಶೇ. 10ರಷ್ಟು ಮಾತ್ರ. ಎಚ್ಚರಿಕೆಯ ಲಕ್ಷಣವೇ ಇಲ್ಲದೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವವರಿಗೆ ಸೂಜಿಯ ಬದಲು ಔಷಧದ ಅಪಾಯ ಒಪ್ಪಿಕೊಳ್ಳುವ ಈ ವಿನಿಮಯ ಜೀವ ಉಳಿಸಬಲ್ಲದು. ನನ್ನ ಮಟ್ಟಿಗೆ ಸೂಜಿಯೇ ಲೇಸು.

ಆಯ್ದು ತಡೆಯುವ ದಾರಿಗಳು ಈಗ ಒಂದೊಂದಾಗಿ ತೆರೆದುಕೊಳ್ಳುತ್ತಿವೆ. ಟಿ ಕೋಶಗಳ ಮೇಲಿನ ಸಿಡಿ3 ಎಂಬ ಪ್ರೋಟೀನಿಗೆ ಅಂಟುವ ಟೆಪ್ಲಿಜುಮ್ಯಾಬ್ ಔಷಧವನ್ನು, ರೋಗಿಗಳ ಬಂಧುಗಳಲ್ಲಿ ಕಾಯಿಲೆಯ ಅಂಚಿನಲ್ಲಿರುವವರಿಗೆ 14 ದಿನ ಕೊಟ್ಟಾಗ ಮಧುಮೇಹದ ಆಗಮನ ಸುಮಾರು ಎರಡು ವರ್ಷ ಮುಂದಕ್ಕೆ ಹೋಯಿತು. ಅಮೆರಿಕ 2022ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ಮಗುವಿಗೆ ಸೂಜಿಯಿಲ್ಲದ ಎರಡು ವರ್ಷ ಎಂದರೆ ಏನೆಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು. ಆದರೂ ನನ್ನ ಹೆಚ್ಚಿನ ಭರವಸೆ ಇರುವುದು ದಾಳಿಕೋರರನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳಲ್ಲಿ. 1995ರಲ್ಲಿ ಶಿಮೋನ್ ಸಕಗುಚಿ ಇವನ್ನು ಗುರುತಿಸಿದರು. ಫಾಕ್ಸ್‌ಪಿ3 ವಂಶವಾಹಿ ಕೆಟ್ಟು ಈ ಕೋಶಗಳ ಕೆಲಸ ನಿಂತಾಗ ಎಳೆಯ ಕೂಸುಗಳಿಗೇ ಮಧುಮೇಹ ಬರುವುದುಂಟು. ಬೀಟಾ ಕೋಶವನ್ನು ಗುರುತಿಸುವಂಥ ನಿಯಂತ್ರಕ ಕೋಶಗಳನ್ನು ಬೆಳೆಸಿ ಕೊಟ್ಟರೆ ಕಾವಲು ಬೇಕಾದ ಜಾಗದಲ್ಲಷ್ಟೇ ಬೀಳುತ್ತದೆ, ಉಳಿದ ದೇಹ ಸೋಂಕಿನೊಡನೆ ಎಂದಿನಂತೆ ಹೋರಾಡುತ್ತದೆ ಎಂಬುದು ಇದರ ಹಿಂದಿನ ತರ್ಕ.

2025ರಲ್ಲಿ ಪ್ರಕಟವಾದ ಸ್ವೀಡನ್ನಿನ ವರದಿ ಬೇರೆಯೇ ದಿಕ್ಕಿನದು. ಅಲ್ಲಿ ರೋಗನಿರೋಧಕ ವ್ಯವಸ್ಥೆ ಗುರುತಿಸದಂತೆ ದಾನಿಯ ದ್ವೀಪಕೋಶಗಳ ವಂಶವಾಹಿಗಳನ್ನೇ ತಿದ್ದಿ, ಒಬ್ಬ ರೋಗಿಯ ಮುಂಗೈಯ ಸ್ನಾಯುವಿಗೆ ಸೇರಿಸಿದರು. ರೋಗನಿರೋಧಕ ಶಕ್ತಿ ತಗ್ಗಿಸುವ ಯಾವ ಔಷಧವೂ ಇಲ್ಲದೆ ಅವು 12 ವಾರಗಳ ನಂತರವೂ ಬದುಕಿದ್ದು ಇನ್ಸುಲಿನ್ ಸ್ರವಿಸುತ್ತಿದ್ದವು. ಪ್ರಮಾಣ ಅಲ್ಪ, ರೋಗಿ ಒಬ್ಬನೇ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೇಹದ ಕಣ್ಣಿಗೆ ಬೀಳದಂತೆ ಮರೆಸಿಟ್ಟ ಕೋಶವೊಂದು ಮುಂದೆ ಕೆಟ್ಟು ಬೆಳೆಯತೊಡಗಿದರೆ ಅದನ್ನು ಗುರುತಿಸಿ ಅಳಿಸುವವರು ಯಾರು ಎಂಬ ಪ್ರಶ್ನೆಯೂ ಆ ಸಂತೋಷದ ಜೊತೆಗೇ ಎಚ್ಚರವಾಗಿತ್ತು.